ಹಾಲಿಲ್ಲದ ನಮ್ಮ ಅಡುಗೆಮನೆ

ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು. ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿ, "ಅಮ್ಮಾ, ನಾನು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟುಬಿಟ್ಟೆ" ಎಂದಳು. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇಲ್ಲ. ಈಗ ಹೈನನ್ನೂ ಬಿಟ್ಟ ಮೇಲೆ ತಿನ್ನಲು ಉಳಿಯುವುದಾದರೂ ಏನು ಎಂದು ನನಗೆ ಕಳವಳವಾಯಿತು. ಹೀಗೆ ಬಿಟ್ಟವರನ್ನು ವೀಗನ್ ಎನ್ನುತ್ತಾರೆ, ನನ್ನ ಕಚೇರಿಯಲ್ಲೇ ಮೂವರಿದ್ದಾರೆ ಎಂದು ಅವಳೇ ಸಮಾಧಾನ ಹೇಳಿದಳು. ಬಾದಾಮಿ ಹಾಲಿನ ಒಂದು ಡಬ್ಬಿಯ ಬೆಲೆಯನ್ನು ಕೇಳಿದಾಗ, ನಾನು ಸೇವೆಗೆ ಸೇರಿದ ಹೊಸತರಲ್ಲಿ ಅಷ್ಟು ಹಣದಲ್ಲಿ ಅರ್ಧ ತಿಂಗಳ ಸಂಸಾರ ಸಾಗುತ್ತಿದ್ದುದು ನೆನಪಾಯಿತು. "ನಿಮ್ಮ ಕಾಲದಲ್ಲಿ ಹಾಲಿಲ್ಲದ ಅಡುಗೆ ಅಂತ ಇರಲೇ ಇಲ್ವಾ ಅಮ್ಮಾ?" ಎಂದು ಅವಳು ಕೇಳಿದ್ದಕ್ಕೆ, "ಅದೆಲ್ಲ ನಮ್ಮಲ್ಲಿ ಎಲ್ಲಿತ್ತು" ಎಂದುಬಿಟ್ಟೆ.

ಫೋನು ಇಟ್ಟ ಮೇಲೆ, ನಾನು ಆಡಿದ ಮಾತು ಸುಳ್ಳೆಂದು ಹೊಳೆಯಿತು. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವನ ಒಲೆಯ ಮೇಲೆ ವಾರದ ಏಳು ದಿನಗಳಲ್ಲಿ ಐದು ದಿನವಾದರೂ ಬೆಂದದ್ದೆಲ್ಲ ಹೊಲದಲ್ಲಿ ಬೆಳೆದದ್ದೇ. ಇದ್ದ ಒಂದು ಎಮ್ಮೆಯ ಹಾಲು ಊರ ಹೋಟೆಲಿನ ಚಹಾಕ್ಕೆ ಹೋಗುತ್ತಿತ್ತು. ಕೂಡಿಟ್ಟ ಬೆಣ್ಣೆ ಸಂತೆಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದುದು ನೀರಾದ ಮಜ್ಜಿಗೆ, ಅದೂ ಬೇಸಿಗೆಯಲ್ಲಿ ಇಲ್ಲ. ಅವ್ವನಿಗೆ ಆ ಊಟ ವ್ರತವೂ ಆಗಿರಲಿಲ್ಲ, ಸಿದ್ಧಾಂತವೂ ಆಗಿರಲಿಲ್ಲ. ಮಗಳಿಗಾಗಿ ಅಡುಗೆಯ ನಾಲ್ಕು ವಿಧಾನಗಳನ್ನು ಬರೆದುಕೊಡೋಣವೆಂದು ಕುಳಿತೆ. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳ ಕೈ. ಅಡುಗೆ ಬರೆಯಲು ಹೋಗಿ ಇತಿಹಾಸ ಬರೆಯಿತು. ಓದುಗರು ಸೈರಿಸಿಕೊಳ್ಳಬೇಕು.

ಮೊದಲು ನೆಲದ ಮಾತು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಸಾಗಿ ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ಮೂರೂ ತಾಲ್ಲೂಕುಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಭಾಷೆಯ ರಾಗ ಅಲ್ಲಲ್ಲಿ ಬದಲಾಗುತ್ತದೆ, ಆಳಂದದಲ್ಲಿ ಮರಾಠಿಯ ಎಳೆ ಹೆಚ್ಚು. ಆದರೆ ಎರೆಮಣ್ಣು ಒಂದೇ, ರೊಟ್ಟಿ ಒಂದೇ. ಎರೆಭೂಮಿ ಮಳೆನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿನ ಮಳೆ ಕುಡಿದ ನೆಲಕ್ಕೆ ಹಿಂಗಾರಿಯಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬಿತ್ತಿದ ಜೋಳ, ಮುಂದೆ ಒಂದು ಹನಿ ಬೀಳದಿದ್ದರೂ ಬರೀ ಹಸಿ ಮತ್ತು ಚಳಿಯಲ್ಲಿ ಬೆಳೆದು ತೆನೆ ಹಿಡಿಯುತ್ತದೆ. ನಮ್ಮ ಗಡಿಗೆ ಹತ್ತಿರದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳವನ್ನು ಇಂದಿಗೂ ಬಿತ್ತುತ್ತಾರೆ. ಮುತ್ತಿನಂಥ ಬಿಳಿ ಕಾಳು, ಹಿಟ್ಟಿಗೆ ಒಳ್ಳೆಯ ಜಿಗಿ. 1960ರ ದಶಕದಲ್ಲಿ ಬಂದ ಹೈಬ್ರಿಡ್ ಜೋಳ ಚೀಲ ತುಂಬಿಸಿತು. ರೊಟ್ಟಿಯ ವಿಷಯದಲ್ಲಿ ನಮ್ಮ ಹೆಂಗಸರು ಅದಕ್ಕೆ ಮಾನ್ಯತೆ ಕೊಡಲಿಲ್ಲ.

ಈ ಜೋಳ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ನನ್ನ ಬರಹದ ತಿರುಳು ಇಲ್ಲಿಯೇ ಇದೆ. ಹಿಂಗಾರಿ ಹೊಲದಲ್ಲಿ ಜೋಳದ ನಡುವೆ ಅಕ್ಕಡಿ ಸಾಲುಗಳಾಗಿ ಕಡಲೆ, ಅಗಸಿ, ಕುಸುಬಿ ಇರುತ್ತಿದ್ದವು. ಕುಸುಬಿಗೆ ಮುಳ್ಳು, ಆದ್ದರಿಂದ ಅದನ್ನು ಬದುವಿನ ಬದಿಗೆ ನಾಲ್ಕಾರು ಸಾಲು ಬಿತ್ತುತ್ತಿದ್ದರು. ದನ ಒಳನುಗ್ಗುತ್ತಿರಲಿಲ್ಲ, ಬೇಲಿಯ ಖರ್ಚು ಉಳಿಯುತ್ತಿತ್ತು, ಮನೆಗೆ ಎಣ್ಣೆಯೂ ಆಗುತ್ತಿತ್ತು. ಮುಂಗಾರಿ ಹೊಲದಲ್ಲಿ ಸಜ್ಜೆ, ತೊಗರಿ, ಹೆಸರು, ಎಳ್ಳು, ಗುರೆಳ್ಳು, ಅಂಚಿಗೆ ಪುಂಡಿ. ಪುಂಡಿಯ ಸೊಪ್ಪು ಪಲ್ಯಕ್ಕೆ, ನಾರು ಹಗ್ಗಕ್ಕೆ. ಹೊಲದಲ್ಲಿ ಯಾವ ಸಾಲಿನ ಪಕ್ಕ ಯಾವ ಸಾಲು ಇತ್ತೋ ತಟ್ಟೆಯಲ್ಲಿಯೂ ಅದೇ ನೆರೆಹೊರೆ. ಜೋಳದ ರೊಟ್ಟಿ, ಬದಿಗೆ ತೊಗರಿಬೇಳೆ ಇಲ್ಲವೇ ಮೊಳಕೆ ಬರಿಸಿದ ಹೆಸರು, ಮತ್ತೊಂದು ಬದಿಗೆ ಒಂದು ಸೊಪ್ಪು, ನಡುವೆ ಒಂದು ಚಿಟಿಕೆ ಹಿಂಡಿ, ಅದರ ಮೇಲೆ ಹಸಿ ಕುಸುಬಿ ಎಣ್ಣೆ.

ಹಿಂಡಿ ಎಂದರೆ ದಕ್ಷಿಣದವರು ದನದ ಹಿಂಡಿ ಎಂದುಕೊಳ್ಳುತ್ತಾರೆ. ಒಮ್ಮೆ ಮೈಸೂರಿನ ಕಡೆಯ ಸಹೋದ್ಯೋಗಿಯೊಬ್ಬರು, "ನೀವು ಅದನ್ನೂ ತಿನ್ನುತ್ತೀರಾ?" ಎಂದು ಗಾಬರಿಪಟ್ಟಿದ್ದರು. ನಮ್ಮ ಹಿಂಡಿ ಒಣ ಚಟ್ನಿ. ಹುರಿದ ಶೇಂಗಾ, ಒಣ ಖಾರ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಿನಲ್ಲಿ ಎಣ್ಣೆ ಬಿಡುವತನಕ ಕುಟ್ಟಿದರೆ ಶೇಂಗಾ ಹಿಂಡಿ. ಗುರೆಳ್ಳು ಹುರಿಯುವಾಗ ಕೈ ನಿಲ್ಲಬಾರದು, ಕರಿಯ ಕಾಳು ಹೊತ್ತಿದ್ದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವಷ್ಟರಲ್ಲಿ ಕೆಟ್ಟಿರುತ್ತದೆ. ಅಗಸಿ ಹಂಚಿನ ಮೇಲೆ ಚಟಪಟ ಸಿಡಿಯುವುದು ನಿಂತಾಗ ಇಳಿಸಬೇಕು. ಮಿಕ್ಸರಿನಲ್ಲಿ ಮಾಡುವವರು ಬಿಟ್ಟುಬಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಅವ್ವನ ನೆಲವಿನ ಮೇಲೆ ಮೂರು ಗಡಿಗೆ ಹಿಂಡಿ ಯಾವಾಗಲೂ ಇರುತ್ತಿದ್ದವು. ಶಾಲೆಯ ಬುತ್ತಿಗೆ ರೊಟ್ಟಿ ಕಟ್ಟುವಾಗ ಅವಳು ತಪ್ಪದೆ ಆಡುತ್ತಿದ್ದ ಮಾತು: "ಬರೀ ರೊಟ್ಟಿ ತಿನಬ್ಯಾಡ, ಹಿಂಡಿ ಹಚ್ಚಿಕೊಂಡು ತಿನ್ನು." ರುಚಿಗಾಗಿ ಹೇಳುತ್ತಿದ್ದಾಳೆಂದು ನಾನು ಬಹಳ ವರ್ಷ ತಿಳಿದಿದ್ದೆ.

ಈ ಊಟ ಎಷ್ಟು ಹಳೆಯದು? 'ಸಾವಿರಾರು ವರ್ಷಗಳ ಪರಂಪರೆ' ಎಂದು ಈಚೆಗೆ ಸಿರಿಧಾನ್ಯದ ಮೇಳಗಳಲ್ಲಿ ಹಾಕುವ ಫಲಕಗಳನ್ನು ನೋಡಿ ನನಗೆ ಸ್ವಲ್ಪ ನಗು ಬರುತ್ತದೆ. ಜೋಳದ ಮೂಲ ಆಫ್ರಿಕಾ, ಗುರೆಳ್ಳು ಇಥಿಯೋಪಿಯಾದ ಎತ್ತರದ ನೆಲದ್ದು. ಕುಸುಬಿ, ಅಗಸಿ ಪಶ್ಚಿಮ ಏಷ್ಯಾದ ಕಡೆಯಿಂದ ಬಂದವು. ಇವು ಬಂದು ಸಾವಿರಾರು ವರ್ಷಗಳಾದುದು ನಿಜ. ಆದರೆ ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ದಖ್ಖನಿನ ಹೊಲಗಳಲ್ಲಿ ಹಬ್ಬಿದ್ದು ಬಹಳ ಈಚೆಗೆ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ. ಅಂದರೆ ಬಸವಣ್ಣನವರ ಕಾಲದ ಕಲ್ಯಾಣದಲ್ಲಾಗಲಿ, ಏಕಾಂತದ ರಾಮಯ್ಯ ಹುಟ್ಟಿದ ಆಳಂದದಲ್ಲಾಗಲಿ ಶೇಂಗಾ ಹಿಂಡಿ ಇರಲಿಲ್ಲ, ಕೆಂಪು ಖಾರವೂ ಇರಲಿಲ್ಲ. ನಮ್ಮ ತಟ್ಟೆಯಲ್ಲಿ ಭಾರತದಲ್ಲೇ ಹುಟ್ಟಿದ್ದೆಂದು ಹೆಮ್ಮೆಯಿಂದ ಹೇಳಬಹುದಾದ ಕಾಳು ತೊಗರಿ.

ಪುಸ್ತಕಗಳನ್ನು ನೋಡಿದರೆ ನಮ್ಮ ಒಲೆ ಅವುಗಳಲ್ಲಿ ಕಾಣುವುದಿಲ್ಲ. ಆಳಂದಕ್ಕೆ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದ ಅಧ್ಯಾಯವಿದೆ. ಅದು ಅರಸನ ಊಟ. ಹಾಲು, ಮೊಸರು, ತುಪ್ಪಗಳ ಜತೆಗೆ ಬಗೆಬಗೆಯ ಮಾಂಸ, ಹೊಲದ ಇಲಿಯೂ ಸೇರಿದಂತೆ, ಅಲ್ಲಿ ಬರುತ್ತದೆ. ಮಕ್ಕಳಿಗೆ ಇದನ್ನು ಹೇಳಿದಾಗ ತರಗತಿಯಲ್ಲಿ ಎದ್ದ ಗದ್ದಲ ಇನ್ನೂ ಕಿವಿಯಲ್ಲಿದೆ. ಅದಕ್ಕಿಂತ ಮುಂಚೆ, ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿಯೂ ಸೂಪಶಾಸ್ತ್ರದ ಭಾಗವುಂಟು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರದ್ದು; ಆದರೆ ಅದರಲ್ಲಿಯೂ ಹಾಲು ತುಪ್ಪದ ಸಮೃದ್ಧಿ. ಬಡವರ ಅಡುಗೆ ಕಾಣುವುದು ಶರಣರ ಕಥೆಗಳಲ್ಲಿ. ಮಾದಾರ ಚೆನ್ನಯ್ಯ ಶಿವನಿಗೆ ಅಂಬಲಿ ಉಣಿಸಿದ ಕಥೆ ಯಾರಿಗೆ ಗೊತ್ತಿಲ್ಲ! ದೇವರ ನೈವೇದ್ಯವನ್ನು ಅರಮನೆಯ ಪಾಕದಿಂದ ಅಂಬಲಿಯ ಗಡಿಗೆಗೆ ಇಳಿಸಿದ ಆ ಕಥೆಯನ್ನು ನಾನು ಆಹಾರದ ಇತಿಹಾಸವೆಂದೇ ಪಾಠ ಮಾಡುತ್ತಿದ್ದೆ.

ಇಲ್ಲೊಂದು ಮಾತನ್ನು ಹೇಳದೆ ಹೋದರೆ ಅಪ್ರಾಮಾಣಿಕವಾದೀತು. ಈ ಸೀಮೆಯ ಜನರೆಲ್ಲ ಸಸ್ಯಾಹಾರಿಗಳಲ್ಲ, ಎಂದೂ ಆಗಿರಲಿಲ್ಲ. ಭೀಮಾ ದಂಡೆಯ ಕಬ್ಬಲಿಗರು ಮೀನು ತಿನ್ನುವವರು. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸಿಗೆ ಬಂದವರ ಕಂದೂರಿಯ ಊಟವೇ ಬೇರೆ. ದಲಿತರ ಕೇರಿಯ ಅಡುಗೆಗೆ ಅದರದೇ ಚರಿತ್ರೆಯಿದೆ. ಆದರೂ ಜಾತ್ರೆ, ಉರುಸು, ಬೀಗರು ಬಂದ ದಿನ ಬಿಟ್ಟರೆ ಎಲ್ಲ ಕೇರಿಗಳಲ್ಲೂ ದಿನದ ಊಟ ರೊಟ್ಟಿ, ಬೇಳೆ, ಹಿಂಡಿಯೇ. ನಾನು ಹೇಳುತ್ತಿರುವುದು ಆ ದಿನನಿತ್ಯದ ಊಟದ ಮಾತು. ಮತ್ತೆ, ಆ ಊಟದ ಹಿಂದೆ ಎತ್ತುಗಳ ಹೆಗಲಿತ್ತು, ತೊಗಲಿನ ಮಿಣಿಯಿತ್ತು. ಮಗಳ ಸಂಘದವರು ಅದನ್ನು ವೀಗನ್ ಎಂದು ಒಪ್ಪುತ್ತಾರೋ ಇಲ್ಲವೋ.

ಆ ಪದ ಹುಟ್ಟಿದ್ದು 1944ರ ನವೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬುವರು ಕೆಲವರೊಡನೆ ಸೇರಿ, ಹಾಲನ್ನೂ ಮೊಟ್ಟೆಯನ್ನೂ ಬಿಟ್ಟ ಸಸ್ಯಾಹಾರಿಗಳಿಗಾಗಿ ಒಂದು ಸಂಘ ಕಟ್ಟಿದರು. ಪ್ರಾಣಿಗಳಿಗೆ ಹಿಂಸೆಯಾಗಬಾರದೆಂಬುದು ಅವರ ಕಾರಣ, ಗೌರವಿಸಬೇಕಾದ ಕಾರಣವೇ. ಅದೇ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೆಳೆದ ಧಾನ್ಯದಲ್ಲಿ ಇಂತಿಷ್ಟನ್ನು ಸರ್ಕಾರಕ್ಕೆ ಅಳೆಯಬೇಕೆಂಬ ಲೆವಿ ಪದ್ಧತಿ ಬಂದದ್ದು ಆಗಲೇ. ಆಗ ಜೋಳ ಇಡುತ್ತಿದ್ದುದು ಹಗೇವಿನಲ್ಲಿ. ನೆಲದೊಳಗೆ ತೋಡಿದ ಬಾವಿಯಂಥ ಕಣಜ ಅದು, ಬಾಯಿ ಚಿಕ್ಕದು, ಒಡಲು ದೊಡ್ಡದು. ಬಾಯಿ ಮುಚ್ಚಿ ಮೇಲೆ ಮಣ್ಣು ಹಾಕಿದರೆ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯದು. ಲೆವಿಯವರು ಬಂದಾಗ ನಮ್ಮ ಮುತ್ಯಾ ಹಗೇವಿನ ಬಾಯಿಯ ಮೇಲೆ ಎಮ್ಮೆ ಕಟ್ಟಿದ್ದನಂತೆ. ತೆರೆಯುವಾಗ ಕೂಡಲೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಕೂಡಿರುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹಗೇವಿನ ಜೋಳದ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ನನ್ನ ಅವ್ವ ಹುಡುಗಿಯಾಗಿದ್ದಾಗ ಅದನ್ನೇ ತಿಂದು ಬೆಳೆದಳು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಆ ದಿನದ ನೆನಪೇನು ಎಂದು ಅವಳನ್ನು ಕೇಳಿದರೆ, ಹಗೇವು ತೆರೆದದ್ದನ್ನು ಹೇಳುತ್ತಿದ್ದಳು.

ಬರಗಾಲ ಇಲ್ಲಿ ಹಳೆಯ ಅತಿಥಿ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ ಬಿದ್ದ ಬರದಲ್ಲಿ ಎರಡನೆಯ ಮುಹಮ್ಮದ್ ಶಾಹ ಹತ್ತು ಸಾವಿರ ಎತ್ತುಗಳನ್ನು ಹೂಡಿ ಮಾಳವ, ಗುಜರಾತುಗಳಿಂದ ಧಾನ್ಯ ತರಿಸಿದನೆಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಪಾಠ ಮಾಡುವಾಗಲೆಲ್ಲ ನನಗೆ 1972 ನೆನಪಾಗುತ್ತಿತ್ತು. ಆಗ ಧಾನ್ಯ ಬಂದದ್ದು ಮಾಳವದಿಂದಲ್ಲ, ಅಮೆರಿಕದಿಂದ. ಮೈಲೋ ಎಂಬ ಕೆಂಪು ಜೋಳ. ನನಗಾಗ ಹದಿಮೂರು ವರ್ಷ. ಬಾವಿ ಬತ್ತಿದವು, ಹಿಂಗಾರಿ ಬಿತ್ತಲೇ ಇಲ್ಲ. ಊರ ಹೊರಗೆ ಬರಗಾಲದ ಕಾಮಗಾರಿ ತೆರೆದು ಗಂಡಸರು ಹೆಂಗಸರೆಲ್ಲ ಖಡಿ ಒಡೆದರು. ಅಪ್ಪನಿಗೆ ಹೊಲವಿದ್ದರೂ ಅವನೂ ಹೋದ. ಕೆಂಪು ಜೋಳದ ಹಿಟ್ಟಿಗೆ ಜಿಗಿಯೇ ಇಲ್ಲ. ಎಷ್ಟು ಕುದಿಯುವ ಎಸರು ಹಾಕಿ ನಾದಿದರೂ ಪರಾತದಲ್ಲಿ ಬಡಿಯುವಾಗ ಅಂಚು ಹರಿಯುತ್ತಿತ್ತು. ಅವ್ವ ರೊಟ್ಟಿಯ ಆಸೆ ಬಿಟ್ಟು ಅದನ್ನು ನುಚ್ಚು ಮಾಡಿದಳು. ತೊಗರಿ ಇಲ್ಲ, ಶೇಂಗಾ ಇಲ್ಲ, ಸೊಪ್ಪಿಲ್ಲ. ನೆಲವಿನ ಮೇಲಿನ ಗಡಿಗೆಗಳು ಬರಿದಾದವು. ಅವಳು ಎಲ್ಲರ ಕಡೆಗೆ ಉಣ್ಣುತ್ತಿದ್ದಳು, ನುಚ್ಚು, ಉಪ್ಪು, ಖಾರ. ಕಡುಶುದ್ಧ ಸಸ್ಯಾಹಾರ ಅದು. ಒಂದು ಹನಿ ಹಾಲಿಲ್ಲ. ಅದನ್ನು ಆರೋಗ್ಯದ ಊಟವೆಂದು ಯಾರಾದರೂ ಇಂದು ನನ್ನೆದುರು ಹೇಳಿದರೆ ನಾನು ಸುಮ್ಮನಿರಲಾರೆ.

ಬರೀ ಜೋಳ ತಿನ್ನುವುದರ ಕೇಡನ್ನು ವಿಜ್ಞಾನ ಕಂಡುಕೊಂಡದ್ದು ನಮ್ಮ ದಖ್ಖನಿನಲ್ಲಿಯೇ. ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಹೊತ್ತಿಗೆ, ಜೋಳವನ್ನೇ ನಂಬಿದ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗವನ್ನು ಗುರುತಿಸಿದರು. ಬಿಸಿಲು ಬೀಳುವ ಕೈ, ಕಾಲು, ಕೊರಳ ಸುತ್ತ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದರ ಮೂಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಗೋವಿನಜೋಳ ತಿಂದ ಬಡವರಿಗೆ ಹಿಂದೆ ಇದೇ ರೋಗ ಬಂದಿತ್ತು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದು ಇದಕ್ಕೆ ಕಾರಣವೆಂದು ಗೋಪಾಲನ್ ಪ್ರತಿಪಾದಿಸಿದರು. ಆ ವಿವರಣೆ ಮುಂದೆ ಚರ್ಚೆಗೆ ಒಳಗಾಯಿತು. ಆದರೆ ಏಕೈಕ ಧಾನ್ಯವನ್ನು ನಂಬಿದ ಬಡವರಿಗೆ ರೋಗ ತಗಲುತ್ತಿದ್ದುದನ್ನು ಯಾರೂ ಅಲ್ಲಗಳೆಯಲಿಲ್ಲ. ಇದನ್ನು ನಾನು ಓದಿದ್ದು ಸೇವೆಗೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಜೇವರ್ಗಿಯಲ್ಲಿದ್ದಾಗ. ಓದುತ್ತಿದ್ದಂತೆ, ಬರಗಾಲದ ವರ್ಷ ಖಡಿ ಒಡೆಯುತ್ತಿದ್ದ ಒಬ್ಬ ಹೆಂಗಸಿನ ಕೊರಳು ಕಣ್ಣಮುಂದೆ ಬಂತು. ಸರ ಹಾಕಿಕೊಂಡಂತೆ ಕಪ್ಪು ಪಟ್ಟಿ. ಮಕ್ಕಳು ನಾವು ಅದನ್ನು ಕೊಳೆಯೆಂದು ಆಡಿಕೊಂಡಿದ್ದೆವು. ಅದು ಇದೇ ರೋಗವೆಂದು ನಿರ್ಣಯಿಸಲು ನಾನು ವೈದ್ಯಳಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅವ್ವನ ಮಾತಿಗೆ ಮರಳುತ್ತೇನೆ. ಸಸ್ಯಮೂಲದ ಆಹಾರಗಳಲ್ಲಿ ನಯಾಸಿನ್ ಧಾರಾಳವಾಗಿರುವುದು ಶೇಂಗಾದಲ್ಲಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಅದು ಹೆಚ್ಚು. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅನ್ನು ಎಳ್ಳು ತುಂಬಿಕೊಡುತ್ತದೆ. ಅಗಸಿಯಲ್ಲಿ, ಮೀನು ತಿನ್ನದವರಿಗೆ ಸುಲಭವಾಗಿ ಸಿಗದ ಒಮೆಗಾ-3 ಕೊಬ್ಬು. ಎಳ್ಳಿನಲ್ಲಿ ಸುಣ್ಣದ ಅಂಶ. ಪುಂಡಿಯ ಹುಳಿ ಊಟದೊಳಗಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ನಯಾಸಿನ್ ಗೊತ್ತಿರಲಿಲ್ಲ, ಲೈಸಿನ್ ಗೊತ್ತಿರಲಿಲ್ಲ. ಬರೀ ರೊಟ್ಟಿ ತಿಂದವರು ಏನಾಗುತ್ತಾರೆಂಬುದು ಗೊತ್ತಿತ್ತು. ಹೀಗಾಗಿ ಮಗಳಿಗೆ ನಾನು ಬರೆದ ಮೊದಲ ಸಾಲು ಇದು: ಹಾಲು ಬಿಟ್ಟರೆ ಬಿಡು, ಹಿಂಡಿ ಬಿಡಬೇಡ, ಬೇಳೆ ಬಿಡಬೇಡ. ಎರಡನೆಯ ಸಾಲು ಔಷಧದ ಅಂಗಡಿಯದು. ಬಿ-12 ಜೀವಸತ್ವ ಯಾವ ಕಾಳಿನಲ್ಲೂ ಸೊಪ್ಪಿನಲ್ಲೂ ನಂಬುವಷ್ಟಿಲ್ಲ. ಅವಳ ಅಜ್ಜಿಗೆ ಆ ನೀರು ಮಜ್ಜಿಗೆಯಿಂದ ಒಂದಿಷ್ಟಾದರೂ ಸಿಗುತ್ತಿತ್ತು, ಅವಳಿಗೆ ಅದೂ ಇಲ್ಲ. ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ಅಜ್ಜಿಯ ಕಾಲದ ಜಾಣ್ಮೆ ಕೆಲಸಕ್ಕೆ ಬಾರದು.

ಮಾಡುವ ವಿಧಾನಗಳಲ್ಲಿ ಎಲ್ಲವನ್ನೂ ಇಲ್ಲಿ ಬರೆದರೆ ಮುಗಿಯುವುದಿಲ್ಲ. ಪುಂಡಿಪಲ್ಯ ಒಂದನ್ನು ಹೇಳುತ್ತೇನೆ. ಪುಂಡಿಯ ಎಲೆ ಬಿಡಿಸಿ ಒಮ್ಮೆ ಕುದಿಸಿ, ಹುಳಿ ಹೆಚ್ಚೆನಿಸಿದರೆ ಆ ನೀರು ಚೆಲ್ಲಬೇಕು. ತೊಗರಿಬೇಳೆಯನ್ನೂ ಒಂದು ಹಿಡಿ ಜೋಳದ ನುಚ್ಚನ್ನೂ ಬೇಯಿಸಿ, ಎಲೆ ಕೂಡಿಸಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಸೌಟಿನ ಹಿಂಬದಿಯಿಂದ ಮಸೆಯಬೇಕು. ಮೇಲೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗಿಸಿದ ಒಗ್ಗರಣೆ. ಬೆಳ್ಳುಳ್ಳಿಯಲ್ಲಿ ಜಿಪುಣತನ ಸಲ್ಲದು. ಇನ್ನು ಎಳ್ಳಮಾವಾಸ್ಯೆಯ ಭಜ್ಜಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಮೆಂತ್ಯ, ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿರಿದೆಯೋ ಅಷ್ಟನ್ನೂ ಹುಣಸೆ, ಕಡಲೆಹಿಟ್ಟಿನಲ್ಲಿ ಕೂಡಿಸಿ ಕುದಿಸುವ ಅಡುಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಉಣ್ಣುವುದು. ಹೊಲವನ್ನೇ ಒಂದು ಪಾತ್ರೆಗೆ ಸುರಿದಂತಿರುತ್ತದೆ ಆ ಭಜ್ಜಿ. ಈಚಿನ ವರ್ಷಗಳಲ್ಲಿ ಅದಕ್ಕೆ ಬೇಕಾದ ಕಾಳು ಸೊಪ್ಪುಗಳನ್ನು ಹೊಲಕ್ಕೆ ಹೊರಡುವ ಮುನ್ನ ಪೇಟೆಯಿಂದ ಕೊಂಡೊಯ್ಯುತ್ತೇವೆ. ಯಾಕೆಂದರೆ ಹೊಲದಲ್ಲಿ ತೊಗರಿ ಬಿಟ್ಟರೆ ಬೇರೇನೂ ಇಲ್ಲ.

ಈ ಬದಲಾವಣೆ ಒಂದು ದಿನದ್ದಲ್ಲ, ಒಬ್ಬರ ತಪ್ಪೂ ಅಲ್ಲ. ನೆಟೆ ರೋಗ ತಡೆಯುವ 'ಮಾರುತಿ' ತೊಗರಿ ತಳಿ 1986ರಲ್ಲಿ ಬಂದ ಮೇಲೆ ರೈತರಿಗೆ ಧೈರ್ಯ ಬಂತು. ಕಲಬುರಗಿ 'ತೊಗರಿಯ ಕಣಜ' ಎನಿಸಿತು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಹೆಮ್ಮೆಯ ಸಂಗತಿಯೇ. ಆದರೆ ಒಂದೇ ಬೆಳೆ ನಂಬಿದವನ ಪಾಡು ಒಂದೇ ಧಾನ್ಯ ತಿಂದವನ ಪಾಡಿನಂತೆಯೇ. 2015ರಲ್ಲಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಬೆಳೆದವರ ಮನೆಯಲ್ಲೇ ಬೇಳೆ ತೆಳುವಾಯಿತು. 2022ರಲ್ಲಿ ಹೊಸದಾಗಿ ಬಿದ್ದ ನೆಟೆ ರೋಗಕ್ಕೆ ಹೂ ಹಿಡಿದು ನಿಂತ ಹೊಲಗಳು ಒಣಗಿಹೋದವು. ಅಫಜಲಪುರದ ಕಡೆ ಸೊನ್ನದ ಬ್ಯಾರೇಜು, ಭೀಮೆಯ ನೀರು, ಸಕ್ಕರೆ ಕಾರ್ಖಾನೆ ಬಂದು ಜೋಳದ ನೆಲಕ್ಕೆ ಕಬ್ಬು ಇಳಿಯಿತು. 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು. ಹಸಿವನ್ನು ಕಂಡವಳಾಗಿ ಆ ಯೋಜನೆಯನ್ನು ನಾನು ಹಳಿಯಲಾರೆ. ಹಬ್ಬಕ್ಕಷ್ಟೇ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. ರೊಟ್ಟಿ ಬಡಿಯುವ ಕಷ್ಟ ಹೊಸ ಸೊಸೆಯಂದಿರಿಗೆ ತಪ್ಪಿತು. ನಸುಕಿನಲ್ಲೆದ್ದು ಬೀಸುವ ಕಲ್ಲು ತಿರುವಿದ ಅವ್ವನ ಅಂಗೈ ನೋಡಿದವರು ಅದನ್ನು ಕೇಡೆನ್ನಲಾರರು. ಆದರೆ ಅನ್ನದ ಜತೆಗೆ ಹಿಂಡಿ ಅಷ್ಟಾಗಿ ಹೊಂದುವುದಿಲ್ಲ. ರೊಟ್ಟಿ ಹೋದರೆ ಗುರೆಳ್ಳು, ಅಗಸಿಗಳೂ ತಟ್ಟೆಯಿಂದ ಎದ್ದುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಹೋದದ್ದು ಕುಸುಬಿ. 1994–95ರ ಸುಮಾರಿಗೆ ಖಾದ್ಯ ತೈಲದ ಆಮದು ಮುಕ್ತವಾಗಿ ಅಗ್ಗದ ಪಾಮ್ ಎಣ್ಣೆ ಹಳ್ಳಿಯ ಅಂಗಡಿಗೂ ಬಂದಾಗ, ಮುಳ್ಳಿನ ಗಿಡ ಕೀಳುವ ಸಂಕಟ ಯಾರಿಗೆ ಬೇಕಾಗಿತ್ತು? ಗಾಣಗಳು ನಿಂತವು. ಆದರೆ ಕುಸುಬಿಯನ್ನು ಎಣ್ಣೆಯೆಂದು ಮಾತ್ರ ತಿಳಿದವರಿಗೆ ಅದರ ಅರ್ಧ ಗೊತ್ತಿಲ್ಲ. ಎಳೆಯ ಸಸಿಯ ಎಲೆ ಪಲ್ಯಕ್ಕೆ. ಕಾಳು ನೆನೆಸಿ, ಅರೆದು, ಅರಿವೆಯಲ್ಲಿ ಹಿಂಡಿದರೆ ಬರುವುದು ಕುಸುಬಿಯ ಹಾಲು. ಮಗಳು ಕೊಳ್ಳುವ ಬಾದಾಮಿ ಹಾಲಿಗಿಂತ ಗಟ್ಟಿ. ಕುಟ್ಟಿದ ಗೋಧಿಯನ್ನು ಬೇಯಿಸಿ, ಬೆಲ್ಲ ಹಾಕಿ, ಈ ಹಾಲು ಸುರಿದು ಮಾಡುವುದೇ ಕುಸುಬಿ ಹಾಲಿನ ಹುಗ್ಗಿ. ಸಿಹಿಯೆಂದರೆ ಹೈನು ಬೇಕೇಬೇಕು ಎನ್ನುವವರಿಗೆ ನಮ್ಮ ಮುತ್ತಜ್ಜಿಯರು ಮುಳ್ಳಿನ ಗಿಡದಿಂದ ಹಾಲು ಕರೆದು ತೋರಿಸಿದ್ದರು. 'ನಮ್ಮಲ್ಲಿ ಎಲ್ಲಿತ್ತು' ಎಂದು ಮಗಳಿಗೆ ನಾನು ಹೇಳಿದ ಮಾತು ನನ್ನನ್ನು ಹೆಚ್ಚು ಚುಚ್ಚಿದ್ದು ಇದಕ್ಕಾಗಿಯೇ. ಹುಗ್ಗಿ ತಿಂದು ಬೆಳೆದವಳು ನಾನೇ ಮರೆತಿದ್ದೆ.

ಯುಗಾದಿಗೆ ಮಗಳು ಬರುವವಳಿದ್ದಳು. ಕುಸುಬಿ ಹುಡುಕಿಕೊಂಡು ಪೇಟೆಗೆ ಹೋದೆ. ಮೂರು ಕಿರಾಣಿ ಅಂಗಡಿಗಳಲ್ಲಿ ಇರಲಿಲ್ಲ. ನಾಲ್ಕನೆಯವನು, "ಎಷ್ಟು ಗಿಳಿ ಸಾಕೀರಿ ಟೀಚರ್?" ಎಂದು ಕೇಳಿದ. ಈಗ ಅದನ್ನು ಕೊಳ್ಳುವವರು ಪಂಜರದ ಹಕ್ಕಿಗಳಿಗೆ ಹಾಕಲು ಮಾತ್ರವಂತೆ. ಎರಡು ಕಿಲೋ ತಂದೆ. ಹಾಲು ಚೆನ್ನಾಗಿಯೇ ಬಂತು. ಅವಸರದಿಂದ ದೊಡ್ಡ ಉರಿಯ ಮೇಲಿಟ್ಟೆ, ಒಡೆದು ಹೋಯಿತು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಎರಡನೆಯ ಸಲ ಅವಳೇ ಕೈಯಾಡಿಸುತ್ತ ನಿಂತಳು, ಸಣ್ಣ ಉರಿ, ಮರದ ಸೌಟು. ಏಲಕ್ಕಿ, ಗಸಗಸೆ, ಒಣಕೊಬ್ಬರಿ ಹಾಕಿ ಇಳಿಸಿದ ಹುಗ್ಗಿ ಅವ್ವನದರಷ್ಟು ಆಗಿರಲಿಲ್ಲ. ಮಗಳು ಎರಡು ಬಟ್ಟಲು ಉಂಡಳು.

ಉಳಿದ ಕಾಳಿನಲ್ಲಿ ಒಂದು ಪಾವು ತಮ್ಮನಿಗೆ ಕೊಟ್ಟು, ಹಿಂಗಾರಿಯಲ್ಲಿ ಜೋಳದ ಬದಿಗೆ ಬಿತ್ತೆಂದೆ. "ಕುಸುಬಿ ಕೀಳ್ಲಿಕ್ಕ ಯಾರ್ ಬರ್ತಾರ ಅಕ್ಕಾ? ಮುಳ್ಳಿಗಿ ಆಳು ಸಿಗಂಗಿಲ್ಲ" ಎಂದ. ಆದರೂ ನಾಲ್ಕು ಸಾಲು ಬಿತ್ತಿದ್ದಾನೆ. ಮೊನ್ನೆ ಫೋನು ಮಾಡಿ, ಮೊಳಕೆ ಒಡೆದಾವ, ಕೀಳುವ ದಿನ ನೀನೇ ಬರಬೇಕು, ಕೈಗೆ ಸುತ್ತಿಕೊಳ್ಳಲು ದಪ್ಪ ಅರಿವೆ ತಗೊಂಡು ಬಾ ಎಂದಿದ್ದಾನೆ.